ಬಿಸಿಲನ್ನು ನೇರವಾಗಿ ಹೀರುವ ನ್ಯಾನೊ ದ್ರವ: ತಯಾರಿಸಿ ಪರೀಕ್ಷಿಸುವ ಬಗೆ

ಸಾಮಾನ್ಯ ಸೌರ ಜಲತಾಪಕದಲ್ಲಿ ಬಿಸಿಲು ಮೊದಲು ಕಪ್ಪು ಲೇಪನದ ಲೋಹದ ಫಲಕವನ್ನು ಕಾಯಿಸುತ್ತದೆ. ಆ ಶಾಖ ಫಲಕದಿಂದ ಕೊಳವೆಗೆ, ಕೊಳವೆಯಿಂದ ನೀರಿಗೆ ದಾಟಬೇಕು. ಹೀಗಾಗಿ ಫಲಕ ನೀರಿಗಿಂತ ಹೆಚ್ಚು ಬಿಸಿಯಾಗಿಯೇ ಇರುತ್ತದೆ, ಒಂದಷ್ಟು ಶಾಖ ಅಲ್ಲಿಂದಲೇ ಗಾಳಿಗೆ ಸೋರಿಹೋಗುತ್ತದೆ. ದ್ರವವೇ ಬೆಳಕನ್ನು ಹೀರಿದರೆ ಈ ನಷ್ಟವನ್ನು ತಗ್ಗಿಸಬಹುದು. ಆದರೆ ನೀರು ಅವಕೆಂಪು ಕಿರಣಗಳನ್ನು ಹೀರಿದರೂ ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ಹಾಯಗೊಡುತ್ತದೆ. ಆ ಕೊರತೆ ತುಂಬಲು ನೀರಿನಲ್ಲಿ 100 ನ್ಯಾನೊಮೀಟರಿಗಿಂತ ಚಿಕ್ಕದಾದ ಲೋಹದ ಆಕ್ಸೈಡ್ ಕಣಗಳನ್ನು ಹರಡಲಾಗುತ್ತದೆ. ಇದೇ ನ್ಯಾನೊ ದ್ರವ.

ಮೊದಲ ಕೆಲಸ ಆಕ್ಸೈಡಿನ ಆಯ್ಕೆ. ಟೈಟಾನಿಯಂ ಡೈಆಕ್ಸೈಡ್ ಮತ್ತು ಅಲ್ಯೂಮಿನಾ ಬಿಳಿಯ ಪುಡಿಗಳು. ಅವು ಕಾಣುವ ಬೆಳಕನ್ನು ಚದುರಿಸುತ್ತವೆಯೇ ಹೊರತು ಹೀರುವುದು ಅತ್ಯಲ್ಪ. ಕಪ್ಪಗಿರುವ ತಾಮ್ರದ ಆಕ್ಸೈಡ್ ಅಥವಾ ಮ್ಯಾಗ್ನೆಟೈಟ್ (ಕಬ್ಬಿಣದ ಒಂದು ಆಕ್ಸೈಡ್) ಈ ಕೆಲಸಕ್ಕೆ ಸೂಕ್ತ.

ಪುಡಿಯನ್ನು ಪ್ರಯೋಗಾಲಯದ ಫ್ಯೂಮ್ ಹುಡ್‌ನೊಳಗೆ (ಒಳಗಿನ ಗಾಳಿಯನ್ನು ಹೊರಗೆಳೆಯುವ ಕಪಾಟು), ಕೈಗವಸು ಮತ್ತು ಸೂಕ್ಷ್ಮ ಕಣ ತಡೆಯುವ ಮುಖಗವಸು ಧರಿಸಿಯೇ ತೂಗಬೇಕು. ಒಣ ನ್ಯಾನೊ ಪುಡಿ ಉಸಿರಿನೊಂದಿಗೆ ಒಳಹೋಗುವುದು ಅಪಾಯಕಾರಿ. ತಾಮ್ರದ ಆಕ್ಸೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 6.3 ಗ್ರಾಂ ಇರುವುದರಿಂದ, ಒಂದು ಲೀಟರಿನಲ್ಲಿ ಗಾತ್ರದ ಲೆಕ್ಕಕ್ಕೆ ಶೇ 0.01ರಷ್ಟು ಕಣಗಳಿರಲು 0.63 ಗ್ರಾಂ ಪುಡಿ ಸಾಕು. ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ನಲ್ಲಿ ನೀರಿನ ಲವಣಗಳು ಕಣಗಳ ನಡುವಣ ವಿದ್ಯುತ್ ವಿಕರ್ಷಣೆಯನ್ನು ಕುಗ್ಗಿಸಿ ಅವು ಮುದ್ದೆಗಟ್ಟುವಂತೆ ಮಾಡುತ್ತವೆ.

ನಿಜವಾದ ಸವಾಲು ಮುಂದಿನದು. ಕಲಕಿದ ಮಾತ್ರಕ್ಕೆ ಮುದ್ದೆಗಳು ಒಡೆಯುವುದಿಲ್ಲ, ಅಲ್ಟ್ರಾಸಾನಿಕ್ ಯಂತ್ರದ ಕಂಪನ ಬೇಕು. ಅದರಿಂದ ದ್ರವ ಬಿಸಿಯಾಗುವುದರಿಂದ ಬೀಕರನ್ನು ತಣ್ಣೀರಿನಲ್ಲಿಟ್ಟು ನಡುನಡುವೆ ಬಿಡುವು ಕೊಡಬೇಕು. ತಾಮ್ರದ ಆಕ್ಸೈಡಿನ ಮೇಲ್ಮೈ ವಿದ್ಯುದಂಶ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) 9ರಿಂದ 10ರ ಆಸುಪಾಸಿನಲ್ಲಿ ಇಲ್ಲವಾಗಿ ಕಣಗಳು ಬೇಗ ಕೂಡಿಕೊಳ್ಳುತ್ತವೆ, ಆದ್ದರಿಂದ ಆ ಮಟ್ಟದಿಂದ ದೂರವಿರಬೇಕು; ಹಾಗೆಂದು ಆಮ್ಲ ಸುರಿದರೆ ಕಣಗಳೇ ಕರಗಿಹೋಗುತ್ತವೆ. ತಯಾರಾದ ದ್ರವವನ್ನು ಗಾಜಿನ ನಳಿಕೆಯಲ್ಲಿ ಕೆಲವು ದಿನ ಅಲುಗಿಸದೆ ಇಡಿ. ತಳದಲ್ಲಿ ಕಪ್ಪು ಗಷ್ಟು ಕೂತು ಮೇಲ್ಭಾಗ ತಿಳಿಯಾದರೆ, ಮೊದಲ ದಿನದ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಆ ದ್ರವ ಪ್ರಯೋಜನಕ್ಕೆ ಬಾರದು.

ಕಣ ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆಯೂ ಸರಿಯಲ್ಲ. ತೀರಾ ದಟ್ಟವಾದ ದ್ರವದಲ್ಲಿ ಬೆಳಕೆಲ್ಲ ಮೇಲಿನ ತೆಳುಪದರದಲ್ಲೇ ಹೀರಲ್ಪಟ್ಟು, ಆ ಪದರವೇ ಫಲಕದಂತೆ ಕಾದು ಶಾಖ ಕಳೆದುಕೊಳ್ಳುತ್ತದೆ. ಪಾತ್ರೆಯಡಿ ಅಚ್ಚಾದ ಹಾಳೆಯಿಟ್ಟು, ಅಕ್ಷರಗಳು ಮಸುಕಾಗಿ ಕಾಣುವಷ್ಟಕ್ಕೆ ದ್ರವವನ್ನು ತಿಳಿಗೊಳಿಸಿ ಆರಂಭಿಸುವುದು ಒಳ್ಳೆಯದು.

ಪರೀಕ್ಷೆಗೆ ಒಂದೇ ಅಳತೆಯ, ಗಾಜು ಮುಚ್ಚಿದ ಮೂರು ಪಾತ್ರೆಗಳನ್ನು ಶಾಖನಿರೋಧಕದ ಮೇಲಿಡಿ: ಬಿಳಿ ತಳದ ಒಂದರಲ್ಲಿ ನ್ಯಾನೊ ದ್ರವ, ಅಂಥದೇ ಇನ್ನೊಂದರಲ್ಲಿ ಬರೀ ನೀರು, ಮೂರನೆಯದರಲ್ಲಿ ಕಪ್ಪು ತಳದ ಮೇಲೆ ಬರೀ ನೀರು. ಬಿಳಿ ತಳದ ನೀರನ್ನು ಸೋಲಿಸುವುದು ದೊಡ್ಡ ಮಾತಲ್ಲ. ನಿಜವಾದ ಎದುರಾಳಿ ಈ ಕಪ್ಪು ತಳ. ಪ್ರಖರ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಕೊಡುವುದರಿಂದ, 100 ಚದರ ಸೆಂಟಿಮೀಟರ್ ಅಗಲದ, 1 ಸೆಂಟಿಮೀಟರ್ ಆಳದ ನೀರು ಎಲ್ಲವನ್ನೂ ಹೀರಿದರೂ ನಿಮಿಷಕ್ಕೆ 1.4 ಡಿಗ್ರಿ ಸೆಲ್ಸಿಯಸ್‌ನಷ್ಟೇ ಏರೀತು. ಅಳತೆ ಅದನ್ನು ಮೀರಿದರೆ ಉಷ್ಣಮಾಪಕಕ್ಕೇ ಬಿಸಿಲು ತಾಗುತ್ತಿದೆಯೆಂದು ತಿಳಿದು, ಅದಕ್ಕೆ ಮರೆ ಕಟ್ಟಿ, ದ್ರವವನ್ನು ಕಲಕಿ ಮತ್ತೆ ಓದಿ.

ಬಳಸಿದ ದ್ರವವನ್ನು ಚರಂಡಿಗೆ ಸುರಿಯಬಾರದು. ತಾಮ್ರದ ಆಕ್ಸೈಡ್ ಜಲಚರಗಳಿಗೆ ವಿಷವಾದ್ದರಿಂದ ಅದನ್ನು ಮುಚ್ಚಿದ ಬಾಟಲಿಯಲ್ಲಿ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯಕ್ಕೆ ಸೇರಿಸಬೇಕು.