ಯೂರೇಲ್ ಪಾಸ್ ಕೊಳ್ಳುವ ಮುನ್ನ ಸೀಟು ಇದೆಯಾ ನೋಡಿ

ಯುರೋಪ್ ಪ್ರವಾಸಕ್ಕೆ ಹೊರಟ ಬಹಳಷ್ಟು ಜನ ವೀಸಾ ಕೈಗೆ ಬಂದ ಕೂಡಲೇ ಯೂರೇಲ್ ಪಾಸ್ ಕೊಂಡುಬಿಡುತ್ತಾರೆ. 33 ದೇಶದ ರೈಲುಗಳಿಗೆ ಒಂದೇ ಪಾಸ್, ಯಾವ ರೈಲು ಬಂದರೂ ಹತ್ತಬಹುದು ಅನ್ನೋ ಧೈರ್ಯ. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಹೋಗುವ ದಿನ ಹತ್ತಿರ ಬಂದಾಗ ಗೊತ್ತಾಗುತ್ತದೆ: ಪಾಸ್ ಇದ್ದರೂ ಆ ರೈಲಿನಲ್ಲಿ ಸೀಟನ್ನು ಬೇರೆಯಾಗಿ ಕಾಯ್ದಿರಿಸಬೇಕು, ಅದಕ್ಕೆ ಬೇರೆ ದುಡ್ಡು ಕೊಡಬೇಕು, ಮತ್ತು ಪಾಸ್‌ನವರಿಗೆಂದು ಇಟ್ಟಿದ್ದ ಸೀಟುಗಳು ಆಗಲೇ ಮುಗಿದುಹೋಗಿವೆ. ಹೀಗೆ ಒದ್ದಾಡಿದವರನ್ನು ಸಾಕಷ್ಟು ನೋಡಿದ್ದೇನೆ. ತಪ್ಪು ಆಗುವುದು ಎಲ್ಲಿ ಅಂದರೆ, ನಮ್ಮ ದೂರದ ರೈಲುಗಳಲ್ಲಿ ಟಿಕೆಟ್ ಕನ್ಫರ್ಮ್ ಆದರೆ ಕೋಚ್, ಬರ್ತ್ ನಂಬರ್ ಎಲ್ಲ ಅದರಲ್ಲೇ ಬರುತ್ತದೆ. ಅಲ್ಲಿ ಪ್ರಯಾಣದ ಹಕ್ಕು ಬೇರೆ, ಸೀಟು ಬೇರೆ. ಪಾಸ್ ಕೊಡುವುದು ಮೊದಲನೆಯದನ್ನು ಮಾತ್ರ.

ಅದಕ್ಕೇ ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಕೂತು ಈ ಕೆಲಸ ಮುಗಿಸಿ.

ಹಂತ 1: ದಾರಿ ಬರೆಯಿರಿ

ಒಂದು ಹಾಳೆಯ ಮೇಲೆ ಊರುಗಳನ್ನು ಕ್ರಮವಾಗಿ ಬರೆಯಿರಿ. ಪ್ರತಿ ಪ್ರಯಾಣಕ್ಕೂ ಒಂದು ಸಾಲು. ಪಕ್ಕದಲ್ಲಿ ತಾರೀಕು ಮತ್ತು ವಾರ. ಅಷ್ಟೇ.

ಹಂತ 2: ಟೈಮ್ ನೋಡಿ

ಇದಕ್ಕೆ ಜರ್ಮನ್ ರೈಲ್ವೆ ಡಾಯ್ಚ ಬಾನ್‌ನ ವೆಬ್‌ಸೈಟನ್ನೇ ಬಳಸಿ. ಜರ್ಮನಿ ಮಾತ್ರ ಅಲ್ಲ, ಯುರೋಪಿನ ಬಹುಪಾಲು ರೈಲುಗಳ ವೇಳಾಪಟ್ಟಿ ಅದರಲ್ಲಿ ಸಿಗುತ್ತದೆ. ಹೊರದೇಶದ ರೈಲಿಗೆ ಬೆಲೆ ತೋರಿಸದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮಗೆ ಬೇಕಿರುವುದು ಟೈಮ್. ಯೂರೇಲ್‌ನವರದೇ ಆದ ರೈಲ್ ಪ್ಲಾನರ್ ಆ್ಯಪ್ ಕೂಡ ಫೋನಿನಲ್ಲಿ ಇರಲಿ, ಮೂರನೇ ಹಂತದಲ್ಲಿ ಅದರ ಕೆಲಸವಿದೆ.

ಸ್ಟೇಷನ್ ಹೆಸರು ಮಾತ್ರ ಜೋಪಾನ. ಟಿಕೆಟ್ ಮೇಲೆ ವಿಯೆನ್ನಾ ವೀನ್ ಆಗಿರುತ್ತದೆ, ಫ್ಲಾರೆನ್ಸ್ ಫಿರೆಂಜೆ ಆಗಿರುತ್ತದೆ. ವೆನಿಸ್‌ನಲ್ಲಿ ಮೆಸ್ಟ್ರೆ ಅಂದರೆ ಸಮುದ್ರದ ಈಚೆಗಿನ ಸ್ಟೇಷನ್. ಕಾಲುವೆಗಳ ಊರಿಗೆ ಇಳಿಯಬೇಕಾದದ್ದು ಸಾಂಟಾ ಲೂಚಿಯಾದಲ್ಲಿ. ಪ್ಯಾರಿಸ್ ಇನ್ನೂ ಕಷ್ಟ. ಆಮ್‌ಸ್ಟರ್‌ಡ್ಯಾಮ್ ಕಡೆಯಿಂದ ಬರುವ ಯೂರೋಸ್ಟಾರ್ ರೈಲು ಗಾರ್ ದು ನಾರ್ ಸ್ಟೇಷನ್‌ಗೆ ಬರುತ್ತದೆ. ಸ್ವಿಟ್ಜರ್ಲೆಂಡಿಗೆ ನೇರ ಹೋಗುವ ಟಿಜಿವಿ ಲಿರಿಯಾ ಎಂಬ ವೇಗದ ರೈಲು ಹೊರಡುವುದು ಗಾರ್ ದ ಲಿಯಾನ್‌ನಿಂದ. ನಡುವೆ ಊರು ದಾಟಬೇಕು, ಮೆಟ್ರೋಗೆ ಪಾಸ್ ನಡೆಯುವುದಿಲ್ಲ. ಲಗೇಜ್ ಎಳೆದುಕೊಂಡು ಹೋಗುವವರು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಇದಕ್ಕಿಂತ ಕಡಿಮೆ ಬೇಡವೇ ಬೇಡ.

ಇನ್ನೊಂದು ವಿಷಯ. ಪ್ರತಿ ವರ್ಷ ಡಿಸೆಂಬರ್ ಎರಡನೇ ಶನಿವಾರ ಮಧ್ಯರಾತ್ರಿ ಯುರೋಪಿನ ವೇಳಾಪಟ್ಟಿ ಬದಲಾಗುತ್ತದೆ. ಅದರಾಚೆಯ ತಾರೀಕು ಇನ್ನೂ ತೋರಿಸದಿದ್ದರೆ ಈ ವರ್ಷದ ಅದೇ ತಿಂಗಳ, ಅದೇ ವಾರದ ದಿನ ಹಾಕಿ ಒಂದು ಅಂದಾಜು ತೆಗೆದುಕೊಳ್ಳಿ. ಮಂಗಳವಾರದ ಪ್ರಯಾಣಕ್ಕೆ ಮಂಗಳವಾರವನ್ನೇ ನೋಡಿ, ಭಾನುವಾರದ ರೈಲುಗಳು ಬೇರೆ ಇರುತ್ತವೆ.

ಹಂತ 3: ರಿಸರ್ವೇಷನ್ ಬೇಕಾ? ಬೇಕಾದರೆ ಸೀಟು ಇದೆಯಾ?

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಮೊದಲು ಹಾಳೆಯ ಮೇಲಿನ ಪ್ರತಿ ಸಾಲಿಗೂ ಒಂದು ಗುರುತು ಹಾಕಿ: ಕಡ್ಡಾಯ, ಐಚ್ಛಿಕ, ಬೇಡ. ರೈಲ್ ಪ್ಲಾನರ್‌ನಲ್ಲಿ ರೈಲು ಹುಡುಕಿದರೆ ರಿಸರ್ವೇಷನ್ ಬೇಕೇ ಎಂದು ಅದೇ ತೋರಿಸುತ್ತದೆ. ಸ್ಥೂಲವಾಗಿ ನೆನಪಿಡಬೇಕಾದ್ದು ಇಷ್ಟು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ಬೆಲ್ಜಿಯಂ ಒಳಗಿನ ಬಹುಪಾಲು ರೈಲುಗಳಿಗೆ ಪಾಸ್ ತೋರಿಸಿದರೆ ಸಾಕು. ವೇಗದ ರೈಲುಗಳಾದ ಫ್ರಾನ್ಸ್‌ನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನ್‌ನ ಎವಿಇ, ಎಲ್ಲಾ ಯೂರೋಸ್ಟಾರ್, ಎಲ್ಲಾ ನೈಟ್‌ಜೆಟ್ ರಾತ್ರಿ ರೈಲುಗಳಿಗೆ ರಿಸರ್ವೇಷನ್ ಕಡ್ಡಾಯ. ಜರ್ಮನಿಯ ವೇಗದ ರೈಲು ಐಸಿಇ ಕೂಡ ಪ್ಯಾರಿಸ್‌ಗೆ ಹೋಗುವುದಾದರೆ ಕಡ್ಡಾಯದ ಪಟ್ಟಿಗೆ ಸೇರುತ್ತದೆ. ಅಂದರೆ ರೈಲಿನ ಹೆಸರು ನೋಡಿದರೆ ಸಾಲದು, ಗಡಿ ದಾಟುತ್ತದಾ ಅಂತಲೂ ನೋಡಬೇಕು.

ಇಟಲಿಯ ಇತಾಲೋ, ಫ್ರಾನ್ಸ್‌ನ ವಿಗೋ, ಜರ್ಮನಿಯ ಫ್ಲಿಕ್ಸ್‌ಟ್ರೇನ್‌ಗಳಲ್ಲಿ ಪಾಸ್ ನಡೆಯುವುದೇ ಇಲ್ಲ. ಟೈಮ್‌ಟೇಬಲ್‌ನಲ್ಲಿ ಕಂಡಿತೆಂದು ಅವನ್ನು ಹಾಳೆಗೆ ಸೇರಿಸಬೇಡಿ.

ಈಗ ಕಡ್ಡಾಯ ಎಂದು ಬರೆದ ಸಾಲುಗಳನ್ನಷ್ಟೇ ಹಿಡಿಯಿರಿ. ಜನ ಇಲ್ಲಿ ಮಾಡುವ ತಪ್ಪು ಏನು ಗೊತ್ತಾ? ರೈಲು ಕಂಪನಿಯ ಸೈಟಿಗೆ ಹೋಗಿ ಆ ದಿನದ ಟಿಕೆಟ್ ಸಿಗುತ್ತದಾ ನೋಡುತ್ತಾರೆ. ಸಿಗುತ್ತದೆ. ಸೀಟು ಇದೆ ಅಂದುಕೊಂಡು ಪಾಸ್ ಕೊಳ್ಳುತ್ತಾರೆ. ಆದರೆ ಯೂರೋಸ್ಟಾರ್, ಟಿಜಿವಿ ಲಿರಿಯಾದಂಥ ರೈಲುಗಳಲ್ಲಿ ಪಾಸ್‌ನವರಿಗೆ ಬೇರೆ ಕೋಟಾ ಇರುತ್ತದೆ. ರೈಲಿನಲ್ಲಿ ನೂರು ಸೀಟು ಖಾಲಿ ಇದ್ದರೂ ಕೋಟಾ ಮುಗಿದರೆ ನಿಮಗೆ ಇಲ್ಲ. ಬೇಕಿದ್ದರೆ ಪೂರ್ತಿ ಬೆಲೆಯ ಟಿಕೆಟ್ ಕೊಳ್ಳಬೇಕು, ಆಗ ಪಾಸ್ ಯಾಕೆ? ಆದ್ದರಿಂದ ನೋಡಬೇಕಾದದ್ದು ಸಾಮಾನ್ಯ ಟಿಕೆಟ್ ಅಲ್ಲ, ಪಾಸ್‌ದಾರರ ರಿಸರ್ವೇಷನ್. ಯೂರೇಲ್ ಸೈಟಿನ ರಿಸರ್ವೇಷನ್ ವಿಭಾಗದಲ್ಲಿ ತಾರೀಕು, ರೈಲು ಹಾಕಿ ಹುಡುಕಿ. ಜೂನ್‌ನಿಂದ ಆಗಸ್ಟ್‌ವರೆಗೆ ಮತ್ತು ಶುಕ್ರವಾರ, ಭಾನುವಾರಗಳಲ್ಲಿ ಈ ಕೋಟಾ ಬೇಗ ಖಾಲಿಯಾಗುತ್ತದೆ. ಬೆಳಗಿನ ರೈಲು ಇಲ್ಲದಿದ್ದರೆ ಮಧ್ಯಾಹ್ನದ್ದು, ಆ ದಿನ ಇಲ್ಲದಿದ್ದರೆ ಮರುದಿನದ್ದು ನೋಡಿ. ಹೋಟೆಲ್ ಬುಕ್ ಮಾಡುವ ಮೊದಲೇ ಈ ಕೆಲಸ ಆಗಬೇಕು, ಅಲ್ವಾ?

ಸಿಕ್ಕ ಪ್ರತಿ ಸೀಟಿನ ಪಕ್ಕ ಶುಲ್ಕ ಬರೆಯಿರಿ. ಫ್ರಾನ್ಸ್ ಒಳಗಿನ ಟಿಜಿವಿಗೆ ಸಾಮಾನ್ಯವಾಗಿ 10 ಅಥವಾ 20 ಯೂರೋ. ಫ್ರೆಚ್ಚಾರೊಸ್ಸಾಗೆ ಸುಮಾರು 13. ಯೂರೋಸ್ಟಾರ್‌ಗೆ 30ರ ಆಸುಪಾಸು ಅಥವಾ ಜಾಸ್ತಿ. ರಾತ್ರಿ ರೈಲಿನಲ್ಲಿ ಕೂರುವ ಸೀಟಿಗೂ ಮಲಗುವ ಬರ್ತ್‌ಗೂ ಬಹಳ ವ್ಯತ್ಯಾಸ. ಈ ದರಗಳು ಆಗಾಗ ಏರುತ್ತವೆ, ನೀವು ನೋಡಿದ ದಿನದ ದರವನ್ನೇ ಬರೆದುಕೊಳ್ಳಿ. 4ರಿಂದ 11 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ, ಒಬ್ಬ ದೊಡ್ಡವರಿಗೆ ಇಬ್ಬರು ಮಕ್ಕಳವರೆಗೆ. ಆದರೆ ಅವರು ಕೂರುವ ಸೀಟಿಗೆ ರಿಸರ್ವೇಷನ್ ಶುಲ್ಕ ಕೊಡಲೇಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂದರೆ ನಾಲ್ಕು ಪಟ್ಟು.

ಸೀಟು ಸಿಗದಿದ್ದರೆ ಅಥವಾ ದುಬಾರಿ ಎನಿಸಿದರೆ ಸುತ್ತು ದಾರಿ ಹುಡುಕಿ. ರೈಲ್ ಪ್ಲಾನರ್‌ನಲ್ಲಿ ರಿಸರ್ವೇಷನ್ ಬೇಡದ ರೈಲುಗಳನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ. ಪ್ಯಾರಿಸ್‌ನಿಂದ ಬಾಸೆಲ್‌ಗೆ ನೇರ ಲಿರಿಯಾ ಬೇಡ ಅನ್ನಿ. ಗಾರ್ ದ ಲೆಸ್ಟ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಒಳನಾಡಿನ ಟಿಜಿವಿ ಹಿಡಿದು, ಅಲ್ಲಿಂದ ಬಾಸೆಲ್‌ಗೆ ಟಿಇಆರ್ ಲೋಕಲ್ ರೈಲಿನಲ್ಲಿ ಹೋಗಿ. ಆ ಎರಡನೇ ರೈಲಿಗೆ ರಿಸರ್ವೇಷನ್ ಇಲ್ಲವೇ ಇಲ್ಲ, ಸುಮಾರು ಒಂದೂಕಾಲು ಗಂಟೆಯ ದಾರಿ. ಸ್ವಿಟ್ಜರ್ಲೆಂಡ್‌ನಿಂದ ಮಿಲಾನ್‌ಗೆ ಹೋಗುವ ಯೂರೋಸಿಟಿ ರೈಲಿನಲ್ಲಿ ಸೀಟಿಲ್ಲವಾ? ಲುಗಾನೊವರೆಗೆ ಸ್ವಿಸ್ ರೈಲಿನಲ್ಲಿ ಬಂದು, ಅಲ್ಲಿಂದ ಮಿಲಾನೊ ಚೆಂತ್ರಾಲೆಗೆ ಟಿಲೋ ಆರ್‌ಇ80 ಎಂಬ ಲೋಕಲ್ ರೈಲು ಹತ್ತಿ. ಸ್ವಲ್ಪ ನಿಧಾನ, ಆದರೆ ತಪ್ಪಿದರೆ ಮುಂದಿನದು ಹಿಡಿಯಬಹುದು. ನಾನಂತೂ ಯಾರು ಕೇಳಿದರೂ ಇಂಥ ದಾರಿಯನ್ನೇ ಹೇಳುತ್ತೇನೆ.

ಹಾಗೇ ಸ್ವಿಟ್ಜರ್ಲೆಂಡಿನ ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನೀನಾ ಎಕ್ಸ್‌ಪ್ರೆಸ್ ಎಂದು ದೊಡ್ಡ ಗಾಜಿನ ಕಿಟಕಿಯ ರೈಲುಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಸೇಂಟ್ ಮೊರಿಟ್ಸ್‌ನಿಂದ ತಿರಾನೊಗೆ ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳು ಹೋಗುತ್ತವೆ. ಅದೇ ಬೆಟ್ಟ, ಅದೇ ಹಿಮ, ರಿಸರ್ವೇಷನ್ ಬೇಡ.

ಏಜೆಂಟರ ಬಗ್ಗೆ ಒಂದು ಮಾತು. "ಎಲ್ಲಾ ರೈಲೂ ಸೇರಿದೆ" ಎಂದು ಹೇಳಿ ಪಾಸ್ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಈ ತಾರೀಕಿನ ಈ ರೈಲಿನ ರಿಸರ್ವೇಷನ್ ನೀವೇ ಮಾಡಿಸಿ ಕೊಡ್ತೀರಾ? "ಅಲ್ಲಿ ಹೋದಮೇಲೆ ಮಾಡಿಸ್ಕೊಳ್ಳಿ" ಅಂದರೆ ಅವರ ಹತ್ತಿರ ಕೊಳ್ಳಬೇಡಿ.

ಹಂತ 4: ಪ್ರಯಾಣದ ದಿನ ಎಣಿಸಿ

ಎಲ್ಲಾ 33 ದೇಶಕ್ಕೂ ನಡೆಯುವ ಗ್ಲೋಬಲ್ ಪಾಸ್‌ನಲ್ಲಿ ಒಂದು ತಿಂಗಳೊಳಗೆ 4, 5, 7 ದಿನ, ಎರಡು ತಿಂಗಳೊಳಗೆ 10 ಅಥವಾ 15 ದಿನ ಎಂಬ ಆಯ್ಕೆಗಳಿವೆ. ದಿನ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿ ರೈಲು 23:30ಕ್ಕೆ ಹೊರಟು ಬೆಳಗ್ಗೆ ತಲುಪಿದರೆ ಹೊರಟ ದಿನ ಮಾತ್ರ ಖರ್ಚು. ಇಳಿದ ಮೇಲೆ ಅದೇ ದಿನ ಇನ್ನೊಂದು ರೈಲು ಹತ್ತಿದರೆ ಮತ್ತೊಂದು ದಿನ ಹೋಯಿತು. ಕಲೋನ್‌ನಿಂದ ಬಾನ್‌ನಂಥ ಅರ್ಧ ಗಂಟೆಯ ದಾರಿಗೆ ಒಂದು ದಿನ ಸುಡಬೇಡಿ, ಟಿಕೆಟ್ ಕೊಂಡು ಹೋಗಿ. ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ ಯುಂಗ್‌ಫ್ರಾಯೊಖ್‌ಗೆ ಹೋಗುವ ರೈಲಿಗೆ ಪಾಸ್‌ನಿಂದ ಸಿಗುವುದು ರಿಯಾಯಿತಿ ಮಾತ್ರ, ಅದನ್ನೂ ಬೇರೆ ಖರ್ಚಿಗೆ ಸೇರಿಸಿ.

ಹಂತ 5: ಕೂಡಿ, ಹೋಲಿಸಿ, ಕೊಳ್ಳಿ

ಪಾಸ್ ಬೆಲೆ, ಜೊತೆಗೆ ಎಲ್ಲಾ ರಿಸರ್ವೇಷನ್ ಶುಲ್ಕ. ಇದು ಒಂದು ಮೊತ್ತ. ಅದೇ ರೈಲುಗಳ ಬಿಡಿ ಟಿಕೆಟ್‌ಗಳ ಇವತ್ತಿನ ಬೆಲೆ ಇನ್ನೊಂದು. ತಿಂಗಳುಗಳ ಮೊದಲೇ ಕೊಂಡರೆ ಬಿಡಿ ಟಿಕೆಟ್ ಎಷ್ಟೋ ಸಲ ಅಗ್ಗ, ಆದರೆ ಅವು ಆ ರೈಲಿಗೇ ಕಟ್ಟಿಹಾಕುತ್ತವೆ. ಫ್ರಾನ್ಸ್, ಇಟಲಿ, ಸ್ಪೇನ್ ಮೂರೇ ನೋಡುವವರಿಗೆ ನನ್ನ ಸಲಹೆ ಬಿಡಿ ಟಿಕೆಟ್. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿ ಸುತ್ತುವವರಿಗೆ ಪಾಸ್.

ಪಾಸೇ ಸರಿ ಅನ್ನಿಸಿದರೆ ಸೀಟು ನೋಡುವುದು, ಪಾಸ್ ಕೊಳ್ಳುವುದು, ರಿಸರ್ವೇಷನ್ ಮಾಡುವುದು ಮೂರೂ ಒಂದೇ ದಿನ ಆಗಲಿ. ಬಹಳ ಕಡೆ ರಿಸರ್ವೇಷನ್‌ಗೆ ಪಾಸ್ ನಂಬರ್ ಕೇಳುತ್ತಾರೆ, ಹಾಗಾಗಿ ಪಾಸ್ ಮೊದಲು ಬೇಕು. ನಡುವೆ ವಾರ ಬಿಟ್ಟರೆ ಕೋಟಾ ಬೇರೆಯವರ ಪಾಲು. ಕೋಟಾ ಇರುವ ಯೂರೋಸ್ಟಾರ್, ಲಿರಿಯಾ, ರಾತ್ರಿ ರೈಲು ಮೊದಲು, ಇಟಲಿಯದು ಆಮೇಲೆ. ಮೊಬೈಲ್ ಪಾಸನ್ನು ಕೊಂಡ 11 ತಿಂಗಳೊಳಗೆ ಆ್ಯಕ್ಟಿವೇಟ್ ಮಾಡಿದರೆ ಸಾಕು. ಪ್ರಯಾಣ ಶುರುವಾಗುವವರೆಗೆ ಅದನ್ನು ಮುಟ್ಟಬೇಡಿ, ಯಾಕೆಂದರೆ ಆ್ಯಕ್ಟಿವೇಟ್ ಆದ ಪಾಸ್ ವಾಪಸ್ ಮಾಡುವುದು ಕಷ್ಟ.

ಹೊರಡುವ ಹಿಂದಿನ ವಾರ ಪ್ರತಿ ರೈಲಿನ ಟೈಮ್ ಮತ್ತೊಮ್ಮೆ ನೋಡಿ, ಅದರಲ್ಲೂ ಜರ್ಮನಿಯದು. ಅಲ್ಲಿ ಹಳಿ ಕೆಲಸ ನಡೆಯುತ್ತಲೇ ಇರುತ್ತದೆ, ರೈಲು ಅರ್ಧ ಗಂಟೆ ಮೊದಲೇ ಹೊರಡುವಂತೆ ಬದಲಾಗಿರಬಹುದು.