ಮಳೆಗಾಲದಲ್ಲಿ ಅಂಡಮಾನ್, ಪ್ಯಾಕೇಜ್ ಇಲ್ಲದೆ: ನನ್ನ ಅನುಭವ

ಸೆಪ್ಟೆಂಬರಿನಲ್ಲಿ, ಎಪ್ಪತ್ತರ ಹತ್ತಿರದ ಅಪ್ಪ ಅಮ್ಮನನ್ನು ಕರೆದುಕೊಂಡು, ಪ್ಯಾಕೇಜ್ ಇಲ್ಲದೆ ಅಂಡಮಾನಿಗೆ ಹೊರಟಿದ್ದೇನೆ ಅಂದಾಗ ಬೆನ್ನು ತಟ್ಟಿದವರು ಯಾರೂ ಇಲ್ಲ. "ಫೆರ್ರಿ ನಿಂತರೆ ಏನು ಮಾಡ್ತೀಯ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಫೆರ್ರಿ ಅಂದರೆ ದ್ವೀಪದಿಂದ ದ್ವೀಪಕ್ಕೆ ಜನರನ್ನು ಒಯ್ಯುವ ಹಡಗು. ಫೆರ್ರಿ ನಿಂತಿತು. ಆದರೂ ವಿಮಾನ ತಪ್ಪಲಿಲ್ಲ, ಅಪ್ಪನ ಮಾತ್ರೆ ತಪ್ಪಲಿಲ್ಲ, ಜೇಬಿಗೂ ಕತ್ತರಿ ಬೀಳಲಿಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಯಾವ ಬೀಚ್ ಚೆನ್ನಾಗಿದೆ ಅನ್ನುವ ಪಟ್ಟಿ ಇಲ್ಲಿಲ್ಲ, ಅದು ನಿಮಗೆ ಗೊತ್ತೇ ಇದೆ.

ಕೆಲವು ವರ್ಷಗಳ ಹಿಂದೆ ಎಲ್ಲರ ಹಾಗೆ ಹೋಗಿದ್ದೆವು. ಮೊದಲು ವಿಮಾನ ಇಳಿಯುವ ಪೋರ್ಟ್ ಬ್ಲೇರ್, ಆಮೇಲೆ ಹ್ಯಾವ್‌ಲಾಕ್, ನೀಲ್ ದ್ವೀಪಗಳು, ಕೊನೆಯ ದಿನ ಬೆಳಿಗ್ಗೆ ಫೆರ್ರಿ, ಅವತ್ತೇ ಮಧ್ಯಾಹ್ನ ವಿಮಾನ. ಬುಕ್ ಮಾಡಿಕೊಟ್ಟವರು ನೂರಕ್ಕೆ ನೂರು ಸೇಫ್ ಅಂದಿದ್ದರು. ಗಾಳಿ ಎದ್ದಿತು, ಫೆರ್ರಿ ನಿಂತಿತು, ವಿಮಾನ ನಮ್ಮನ್ನು ಬಿಟ್ಟು ಹೋಯಿತು. ಹೊಸ ಟಿಕೆಟ್ಟಿಗೆ ಮೂವತ್ತು ಸಾವಿರದ ಹತ್ತಿರ, ಎರಡು ರಾತ್ರಿ ರೂಮು, ಊಟ. ನಲವತ್ತಕ್ಕೆ ಸ್ವಲ್ಪ ಕಮ್ಮಿ ಕೈ ಬಿಟ್ಟಿತು. ಬುಕ್ ಮಾಡಿಕೊಟ್ಟವರ ಫೋನ್ ಮಾತ್ರ ಅವತ್ತಿಡೀ ಬ್ಯುಸಿ.

ಇಂಥದ್ದು ನಮಗೊಬ್ಬರಿಗೇ ಆದದ್ದಲ್ಲ ಬಿಡಿ. 2016ರ ಡಿಸೆಂಬರಿನಲ್ಲಿ, ಅದೂ ಸೀಸನ್ನಿನಲ್ಲಿ, ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆಯ ಹಡಗುಗಳು ಬಂದು ಕರೆತಂದವು. ಹಾಗಾಗಿ "ಮಳೆಗಾಲ ಅಪಾಯ, ಡಿಸೆಂಬರ್ ಸೇಫ್" ಅನ್ನುವ ಲೆಕ್ಕವನ್ನೇ ನಾನು ನಂಬುವುದಿಲ್ಲ. ಅಲ್ಲಿ ಚಂಡಮಾರುತದ ಕಾಟ ಇರುವುದು ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ.

ಈ ಸಲ ಪ್ಲಾನನ್ನು ತಲೆಕೆಳಗು ಮಾಡಿದೆ. ಬೆಳಿಗ್ಗೆ ಇಳಿದ ದಿನವೇ ಮಧ್ಯಾಹ್ನದ ಫೆರ್ರಿಗೆ ಸೀದಾ ಹ್ಯಾವ್‌ಲಾಕ್. ವಿಮಾನ ತಡವಾದರೆ? ಫೆರ್ರಿ ಟಿಕೆಟ್ ಹೋಗುತ್ತದೆ, ತಲೆಗೆ ಸಾವಿರದೈನೂರು. ವಿಮಾನದ ಟಿಕೆಟ್ ಹೋದರೆ ತಲೆಗೆ ಹತ್ತು ಸಾವಿರ. ಕಳೆದುಕೊಳ್ಳುವುದೇ ಆದರೆ ಅಗ್ಗದ್ದನ್ನು ಕಳೆದುಕೊಳ್ಳೋಣ, ಅಲ್ವಾ? ಹ್ಯಾವ್‌ಲಾಕ್ ಆದ ಮೇಲೆ ನೀಲ್, ಕೊನೆಯ ಎರಡು ಮೂರು ದಿನ ಪೋರ್ಟ್ ಬ್ಲೇರ್. ಸೆಲ್ಯುಲರ್ ಜೈಲು, ರಾಸ್ ದ್ವೀಪ, ಚಿಡಿಯಾ ಟಾಪು ಎಲ್ಲ ಕೊನೆಗೆ. ಕಾರಣ ಇಷ್ಟೇ: ಇವು ಕುಗ್ಗುತ್ತವೆ. ಮೂರು ದಿನದ ಪೋರ್ಟ್ ಬ್ಲೇರನ್ನು ಒಂದೇ ದಿನದಲ್ಲಿ ಮುಗಿಸಬಹುದು, ಸಮುದ್ರ ದಾಟುವುದನ್ನು ಹಾಗೆ ಕುಗ್ಗಿಸಲು ಆಗುವುದಿಲ್ಲ. ಸ್ಕೂಬಾ ಮಾಡುವವರಿಗೂ ಇದು ಅನುಕೂಲ. ಡೈವ್ ಆದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡಬೇಕು, ಅದು ತಾನಾಗಿಯೇ ಸಿಗುತ್ತದೆ.

ಅಂದುಕೊಂಡ ಹಾಗೇ ನೀಲ್‌ನಿಂದ ವಾಪಸ್ ಬರುವ ದಿನ ನಮ್ಮ ಖಾಸಗಿ ಫೆರ್ರಿ ಕ್ಯಾನ್ಸಲ್. ಜೆಟ್ಟಿಯಲ್ಲಿ ಕೂಗಾಟ. ನಾವು ರೂಮಿಗೆ ವಾಪಸ್ ಹೋಗಿ ಮಲಗಿದೆವು. ಮರುದಿನ ಸರ್ಕಾರಿ ಹಡಗು ಬಿಟ್ಟರು, ಅದರಲ್ಲಿ ಬಂದೆವು. ನಿಧಾನ, ಆದರೆ ಟಿಕೆಟ್ ಖಾಸಗಿಯ ಅರ್ಧಕ್ಕಿಂತ ಕಮ್ಮಿ ಅಂತ ನೆನಪು. ಅಲ್ಲಿ ದ್ವೀಪದವರಿಗೆ ಮೊದಲು ಸೀಟು, ನಮ್ಮಂಥವರಿಗೆ ಆಮೇಲೆ. ಆ ಗಲಾಟೆಯಲ್ಲಿ ಮೂರು ಸೀಟು ಹೇಗೆ ಗಿಟ್ಟಿಸಿದೆ ಅನ್ನುವುದನ್ನು ಹೇಳುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ಮುಂದಿನ ಸಲ ನನಗೇ ಸಿಗಲ್ಲ. ಒಂದು ಮಾತ್ರ ಗಮನಿಸಿ. ಪೋರ್ಟ್ ಬ್ಲೇರಿನಲ್ಲಿ ಖಾಸಗಿ ಫೆರ್ರಿಗಳು ಹಡ್ಡೋ ಕಡೆ, ಸರ್ಕಾರಿಯವು ಫೀನಿಕ್ಸ್ ಬೇ. ಆಟೋದವನಿಗೆ ಬರೀ "ಜೆಟ್ಟಿ" ಅಂದರೆ ಸಾಲದು. ಟಿಕೆಟ್ಟಿನಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಇದ್ದರೆ ಗಾಬರಿ ಬೇಡ, ಅವೇ ಹ್ಯಾವ್‌ಲಾಕ್ ಮತ್ತು ನೀಲ್. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ.

ಫೋನಿನಲ್ಲಿ ಮಳೆಯ ಚಿತ್ರ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಫೆರ್ರಿ ನಿಲ್ಲಿಸುವುದು ಮಳೆಗಿಂತ ಜಾಸ್ತಿ ಗಾಳಿ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ಓದಿ. ಅಂಡಮಾನ್ ಸಮುದ್ರದಲ್ಲಿ ಗಂಟೆಗೆ 45-55 ಕಿ.ಮೀ. ಗಾಳಿ ಅಂತ ಕಂಡರೆ ನಾನು ಒಂದು ದಿನ ಮೊದಲೇ ದ್ವೀಪ ಬಿಡುತ್ತೇನೆ.

ವಾಂತಿಯ ಬಗ್ಗೆ ಒಂದು ಪ್ರಯೋಗ ನಡೆಯಿತು. ಹೋಗುವಾಗ ಅಪ್ಪ ಒಂದು ಗಂಟೆ ಮೊದಲೇ ಅವೊಮಿನ್ ಅನ್ನುವ ವಾಂತಿ ತಡೆಯುವ ಮಾತ್ರೆ ತೆಗೆದುಕೊಂಡರು, ಡಾಕ್ಟರನ್ನು ಕೇಳಿಯೇ. ಅಮ್ಮ ಒಣಶುಂಠಿ ಬಾಯಿಗೆ ಹಾಕಿಕೊಂಡರು. ನಾನು ಏನೂ ಇಲ್ಲ. ಅಪ್ಪ ಗೊರಕೆ ಹೊಡೆದರು, ಅಮ್ಮ ಕಣ್ಣು ಮುಚ್ಚಿ ಹೇಗೋ ತಡೆದುಕೊಂಡರು, ನನ್ನ ಕಥೆ ಬೇಡ. ವಾಪಸ್ ಬರುವಾಗ ಮೂವರಿಗೂ ಮಾತ್ರೆ, ಕೆಳಗಿನ ಡೆಕ್ಕಿನಲ್ಲಿ ಮಧ್ಯದ ಸೀಟು. ಮುಂದಿನ ಕಿಟಕಿಯ ಸೀಟಿಗೆ ಜಾಸ್ತಿ ದುಡ್ಡು ಕೊಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಸ್ಯಾಂಡ್ ಫ್ಲೈ ಬಗ್ಗೆ ಅಲ್ಲಿಗೆ ಹೋದವರಿಗೆ ಹೇಳಬೇಕಿಲ್ಲ. ಕಣ್ಣಿಗೇ ಕಾಣದಷ್ಟು ಸಣ್ಣ ನೊಣ. ಕಚ್ಚಿದಾಗ ಗೊತ್ತಾಗಲ್ಲ, ಮಾರನೇ ದಿನ ತುರಿಕೆ ಶುರುವಾದರೆ ವಾರ ಬಿಡಲ್ಲ. ಹ್ಯಾವ್‌ಲಾಕಿನ ಕಾಲಾಪಥರ್ ಬೀಚಿನಲ್ಲಿ ಬಲಗಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ, ಎಡಗಾಲಿಗೆ ಸೊಳ್ಳೆ ಕ್ರೀಮು ಹಚ್ಚಿ ಸಂಜೆ ಕೂತೆ. ಬಲಗಾಲಿನಲ್ಲಿ ಐದಾರು ಗುಳ್ಳೆ. ಎಡಗಾಲು ಮಂಡಿಯವರೆಗೆ ದಡಾರ ಬಂದ ಹಾಗೆ. ಎಣ್ಣೆ ದಪ್ಪಗಿದ್ದರೆ ಮಾತ್ರ ಈ ಗುಣ. ಬೆವರಿನ ಜೊತೆ ಇಳಿದುಹೋದರೆ ಮತ್ತೆ ಹಚ್ಚಬೇಕು, ಗಂಟೆಗೊಮ್ಮೆ. ಅಪ್ಪ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ ಕೂತಿದ್ದರು. ನೋಡಿ ನಗುತ್ತಿದ್ದೆವು, ಒಂದೂ ಕಚ್ಚಲಿಲ್ಲ. ತುರಿಸಿದರೆ ಗಾಯ ಕೀವಾಗುತ್ತದೆ, ಉಗುರು ಕತ್ತರಿಸಿಕೊಂಡೇ ಹೋಗಿ.

ಈಜುವವರಿಗೆ ಎರಡು ಮಾತು. ಹ್ಯಾವ್‌ಲಾಕಿನ ರಾಧಾನಗರ ಬೀಚ್ ಪಶ್ಚಿಮಕ್ಕಿದೆ, ನೈಋತ್ಯ ಮುಂಗಾರಿನ ಅಲೆ ನೇರ ಬಂದು ಹೊಡೆಯುವುದು ಅಲ್ಲಿಗೆ. ಫೋಟೋದಲ್ಲಿ ನೋಡಿದ ನೀಲಿ ಕೊಳ ಸೆಪ್ಟೆಂಬರಿನಲ್ಲಿ ಇರುವುದಿಲ್ಲ. ನಾವು ಅಲ್ಲಿ ಕಾಲು ತೋಯಿಸಿ ಬಂದೆವು ಅಷ್ಟೇ, ನೀರಿಗೆ ಇಳಿದದ್ದು ಪೂರ್ವದ ವಿಜಯನಗರ ಬೀಚಿನಲ್ಲಿ. ಎರಡನೆಯದು ಮೊಸಳೆ. ಉಪ್ಪುನೀರಿನದ್ದು. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಒಬ್ಬ ಅಮೆರಿಕನ್ ಪ್ರವಾಸಿ ಮೊಸಳೆಗೆ ಬಲಿಯಾದರು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಕಡೆ, ತೊರೆ ಸಮುದ್ರ ಸೇರುವ ಕಡೆ, ಕತ್ತಲಾಗುವ ಹೊತ್ತಿಗೆ ನೀರಿನ ಹತ್ತಿರವೂ ಬೇಡ. ಬೋರ್ಡ್ ಹಾಕಿರುವುದು ಸುಮ್ನೆ ಅಲ್ಲ. ಕತ್ತಲೂ ಬೇಗ. ಅಲ್ಲಿ ಐದೂವರೆಗೇ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಐದಕ್ಕೆಲ್ಲ ಬೆಳಕು. ನಮ್ಮ ದಿನ ನಾಲ್ಕೂವರೆಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

ನೀಲ್‌ನ ನ್ಯಾಚುರಲ್ ಬ್ರಿಜ್, ಅಂದರೆ ಕಲ್ಲಿನ ಸಹಜ ಕಮಾನು, ನೋಡಲು ಸಮುದ್ರದ ಇಳಿತ ಇರಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ, ಒಂದು ದಿನದ ಸಮಯ ಗೊತ್ತಾದರೆ ಉಳಿದದ್ದು ನೀವೇ ಲೆಕ್ಕ ಹಾಕಬಹುದು. ದಾರಿಯೆಲ್ಲ ಸತ್ತ ಹವಳದ ಕಲ್ಲು, ಮೇಲೆ ಹಸಿರು ಲೋಳೆ. ಹೆಜ್ಜೆ ಇಡಬೇಕಾದದ್ದು ಲೋಳೆ ಇಲ್ಲದ ಒರಟು ಕಲ್ಲಿನ ಮೇಲೆ, ಪಾದ ಪೂರ್ತಿ ಊರಿ. ಅಮ್ಮನಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿಸಿದ್ದೆ. ಹೊಸ ಹವಾಯಿ ಹಾಕಿದ್ದ ಒಬ್ಬ ಹುಡುಗ ನಮ್ಮೆದುರೇ ಬಿದ್ದು ಮೊಣಕೈ ಸುಲಿಸಿಕೊಂಡ.

ಸುಣ್ಣಕಲ್ಲಿನ ಗುಹೆಗಳಿರುವ ಬಾರಾಟಾಂಗ್ ದ್ವೀಪಕ್ಕೆ ಹೋಗಲಿಲ್ಲ. ಜರವಾ ಬುಡಕಟ್ಟಿನ ಜನರ ಕಾಡಿನ ನಡುವೆ, ವಾಹನಗಳೆಲ್ಲ ಸಾಲಾಗಿ, ಕಾನ್ವಾಯ್‌ನಲ್ಲಿ ಹೋಗಬೇಕು. ಗುಹೆ ನೋಡುವ ನೆಪದಲ್ಲಿ ಕಿಟಕಿಗೆ ಮುಖ ಒತ್ತಿ ಮನುಷ್ಯರನ್ನು ಹುಡುಕುವುದು ನನಗೆ ಹಿಡಿಸಲ್ಲ. ಹೋಗುವವರು ಕ್ಯಾಮೆರಾ ಮುಟ್ಟಬೇಡಿ, ಅಲ್ಲಿ ಫೋಟೋ ತೆಗೆಯುವುದು ಅಪರಾಧ.

ದುಡ್ಡು. ಮೂವರಿಗೆ, ವಾರಕ್ಕೆ ಸ್ವಲ್ಪ ಜಾಸ್ತಿ ದಿನಕ್ಕೆ, ವಿಮಾನ ಸೇರಿ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಪ್ಯಾಕೇಜಿನವರು ಕೇಳಿದ್ದು ಒಂದು ಲಕ್ಷ ಎಪ್ಪತ್ತು ಸಾವಿರ. ಸೀಸನ್ನಿನಲ್ಲಿ ನಾಲ್ಕೂವರೆ ಸಾವಿರದ ರೂಮು ಎರಡು ಸಾವಿರದೊಳಗೆ ಸಿಕ್ಕಿತು. ಹೋಟೆಲಿನವರಿಗೆ ಫೋನಿನಲ್ಲಿ ಏನು ಹೇಳಿದೆ ಅನ್ನುವುದೂ ನನ್ನಲ್ಲೇ ಇರಲಿ. ನಗದು ಇಪ್ಪತ್ತೈದು ಸಾವಿರ ಒಯ್ದಿದ್ದೆ, ಒಳ್ಳೆಯದಾಯಿತು. ಗಾಳಿ ಬಂದ ದಿನ ನೆಟ್‌ವರ್ಕ್ ಇಲ್ಲ, ಫೋನ್‌ಪೇ ಇಲ್ಲ, ಎಟಿಎಂ ಮುಂದೆ ಉದ್ದ ಸಾಲು. ಅಪ್ಪನ ಮಾತ್ರೆ ಎರಡು ಬ್ಯಾಗಿನಲ್ಲಿ ಅರ್ಧರ್ಧ, ನಾಲ್ಕೈದು ದಿನಕ್ಕೆ ಹೆಚ್ಚುವರಿ. ದೊಡ್ಡ ತೊಂದರೆಯಾದರೆ ಹ್ಯಾವ್‌ಲಾಕಿನಿಂದಲೂ ಪೋರ್ಟ್ ಬ್ಲೇರಿಗೇ ಬರಬೇಕು.

ಬೀಚಿನಲ್ಲಿ ಸಿಕ್ಕಿತು ಅಂತ ಹವಳದ ತುಂಡು ಎತ್ತಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ನಮ್ಮ ಮುಂದಿದ್ದ ಕುಟುಂಬದ ಬ್ಯಾಗಿನಿಂದ ಒಂದು ಕವರ್ ತುಂಬ ತೆಗೆಸಿದರು, ವಿಮಾನಕ್ಕೆ ಅರ್ಧ ಗಂಟೆ ಇರುವಾಗ. ಅಂಗಡಿಯಲ್ಲಿ ಶಂಖ, ಚಿಪ್ಪಿನ ಸಾಮಾನು ಕೊಂಡರೆ ಬಿಲ್ ಇಸಿದುಕೊಂಡು ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಿಲ್ಲನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ.