ನೀಲಿ ಪುಡಿಯ ಹೊಟ್ಟೆ ಖಾಲಿ ಮಾಡಿದ್ದು

ಊರಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುವಾಗ ಮೈಲುತುತ್ತ ಕದಡುವ ಕೆಲಸ ನನ್ನದಾಗಿತ್ತು. ಹೆಚ್ಚುಕಡಿಮೆ ಅದೇ ನೀಲಿ ಬೆಂಗಳೂರಿನ ಲ್ಯಾಬ್‌ನಲ್ಲಿ ಮತ್ತೆ ಕೈಗೆ ಮೆತ್ತಿಕೊಂಡಿತು. ಈ ಸಲ ಮಾಡಬೇಕಿದ್ದದ್ದು ಎಚ್‌ಕೆಯುಎಸ್‌ಟಿ-1, 1999ರಲ್ಲಿ ಹಾಂಗ್‌ಕಾಂಗ್‌ನವರು ಪ್ರಕಟಿಸಿದ ಎಂಒಎಫ್. ಅಂದರೆ ಲೋಹವನ್ನೂ ಸಾವಯವ ಅಣುಗಳನ್ನೂ ಜೋಡಿಸಿ ಕಟ್ಟಿದ, ಒಳಗೆಲ್ಲ ಟೊಳ್ಳಿರುವ ಹರಳು. ಕಿತಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ನೊಬೆಲ್ ಬಂತಲ್ಲ, ಅದೇ ಜಾತಿ.

ಕಾಗದದ ಮೇಲೆ ಎಲ್ಲ ಸುಲಭ. ಎರಡು ತಾಮ್ರದ ಅಯಾನು ಸೇರಿ ಒಂದು ಗಂಟು. ಟ್ರೈಮೆಸಿಕ್ ಆಮ್ಲ ಮೂರು ಕೈ ಇರುವ ಚಪ್ಪಟೆ ಅಣು. ಒಂದೊಂದು ಗಂಟನ್ನು ನಾಲ್ಕು ಕೈಗಳು ಹಿಡಿದರೆ ಸಾರುವೆ ಕಟ್ಟಿದ ಹಾಗೆ ಚೌಕಟ್ಟು ಬೆಳೆಯುತ್ತದೆ. ನಡುವೆ ಸುಮಾರು 0.9 ನ್ಯಾನೋಮೀಟರ್ ಅಗಲದ ಜಾಗ. ಅನಿಲ ಹೋಗಿ ಕೂರುವುದು ಅಲ್ಲೇ.

ತಾಮ್ರದ ನೈಟ್ರೇಟ್ 1.8 ಮಿಲಿಮೋಲ್ ನೀರಲ್ಲಿ, ಆಮ್ಲ 1 ಮಿಲಿಮೋಲ್ ಎಥನಾಲ್‌ನಲ್ಲಿ. ಎರಡನ್ನೂ ಬೆರೆಸಿ ಟೆಫ್ಲಾನ್ ಆಟೋಕ್ಲೇವ್‌ಗೆ, ಅಂದರೆ ಬಿಗಿಯಾಗಿ ಮುಚ್ಚಿ ಕಾಯಿಸುವ ಪಾತ್ರೆಗೆ ಹಾಕಿದೆ. ಮೊದಲು 180 ಡಿಗ್ರಿಯಲ್ಲಿ ಇಟ್ಟೆ. ನೀಲಿ ಪುಡಿಯ ಜೊತೆ ಕೆಂಪು ಚುಕ್ಕೆ! ಒಂದಷ್ಟು ತಾಮ್ರ ಆಕ್ಸೈಡ್ ಆಗಿಬಿಟ್ಟಿತ್ತು. 110ಕ್ಕೆ ಇಳಿಸಿ ಒಂದು ದಿನ ಬಿಟ್ಟ ಮೇಲೆ ಸರಿಹೋಯಿತು.

ಎಕ್ಸ್-ಕಿರಣ ಹಾಯಿಸಿ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿ ಚೆನ್ನಾಗಿ ಬಂತು, 11.6 ಡಿಗ್ರಿಯ ದೊಡ್ಡ ಪೀಕ್ ಕರಾರುವಾಕ್ಕಾಗಿ ಅಲ್ಲೇ. ಗೆದ್ದೆ ಅಂದುಕೊಂಡೆ. ಒಳಗಿನ ಮೇಲ್ಮೈ ಎಷ್ಟಿದೆ ಅಂತ ಹೇಳುವ ಬಿಇಟಿ ಅಳತೆ ಬಂತು ನೋಡಿ: ಗ್ರಾಂಗೆ ಬರೀ 640 ಚದರ ಮೀಟರ್.

ಎರಡು ವಾರ ತಲೆ ಕೆಡಿಸಿಕೊಂಡೆ. ತಪ್ಪು ಕಣ್ಣೆದುರೇ ಇತ್ತು. ಎಕ್ಸ್‌ಆರ್‌ಡಿ ಚೌಕಟ್ಟನ್ನು ತೋರಿಸುತ್ತದೆ, ಒಳಗೆ ಏನು ತುಂಬಿದೆ ಅಂತ ಸುಲಭಕ್ಕೆ ಹೇಳುವುದಿಲ್ಲ. ನಾನು ಒಂದೇ ಸಲ ತೊಳೆದು, 80 ಡಿಗ್ರಿಯಲ್ಲಿ ಸುಮ್ನೆ ಒಣಗಿಸಿದ್ದೆ. ಉಳಿದ ಆಮ್ಲ, ನೀರು ಎಲ್ಲ ಒಳಗೇ ಇತ್ತು. ಪುಡಿ ಇನ್ನೂ ತಿಳಿನೀಲಿ ಇದ್ದದ್ದೇ ಅದರ ಗುರುತು. ತಾಮ್ರಕ್ಕೆ ಅಂಟಿದ ನೀರು ಹೋದರೆ ಅದು ಕಡು ನೇರಳೆ ಆಗಬೇಕು.

ಆಮೇಲೆ ಎಥನಾಲ್‌ನಲ್ಲಿ ಎರಡು ದಿನ ನೆನೆಸಿದೆ, ಮೂರು ಸಲ ಬದಲಿಸಿದೆ. 150 ಡಿಗ್ರಿ, ವ್ಯಾಕ್ಯೂಮ್, ಇಡೀ ರಾತ್ರಿ. ಬೆಳಿಗ್ಗೆ ನೇರಳೆ! ಖುಷಿಯಲ್ಲಿ ಅಳತೆಯ ಟ್ಯೂಬ್‌ಗೆ ಸುರಿಯಲು ಮುಚ್ಚಳ ತೆಗೆದೆ. ಹೊರಗೆ ಆಗಸ್ಟ್ ಮಳೆ. ಚಮಚದಲ್ಲಿದ್ದಾಗಲೇ ಅಂಚಿನಿಂದ ನೀಲಿಗೆ ತಿರುಗಿತು. ಗಾಳಿಯ ನೀರನ್ನೆಲ್ಲ ಕುಡಿದಿತ್ತು.

ಕೊನೆಗೆ ಅಳತೆಯ ಟ್ಯೂಬ್‌ನಲ್ಲೇ ಬಿಸಿ ಮಾಡಿ, ಮುಚ್ಚಿ, ಆಮೇಲೆ ತೂಗಿದೆ. ಮುಂಚೆ ತೂಗಿದರೆ ನೀರಿನ ತೂಕವೂ ಲೆಕ್ಕಕ್ಕೆ ಸೇರಿ ಗ್ರಾಂ ಲೆಕ್ಕ ಕೆಡುತ್ತದೆ. ಈ ಸಲ ಗ್ರಾಂಗೆ 1,550 ಚದರ ಮೀಟರ್ ಬಂತು. ಅಂದರೆ ಒಂದು ಗ್ರಾಂ ಪುಡಿಯಲ್ಲಿ ಮೂವತ್ತು-ನಲವತ್ತರ ಹತ್ತಿರ ಹತ್ತಿರ ಹದಿನಾಲ್ಕು ಸೈಟು. ಬೆಂಗಳೂರಲ್ಲಿ ನನಗೆ ಬೇರೆ ಆಸ್ತಿ ಇಲ್ಲ.

ತೇವದಲ್ಲಿ ಬಹಳ ದಿನ ಇಟ್ಟರೆ ಇದು ನಿಧಾನಕ್ಕೆ ಹಾಳಾಗುತ್ತದೆ. ಅದಕ್ಕೇ ಈಗ ಯುಐಒ-66 ಅನ್ನೋ ಇನ್ನೊಂದು ಎಂಒಎಫ್ ಹಿಡಿದಿದ್ದೇನೆ. ಜಿರ್ಕೋನಿಯಂನದ್ದು, ನೀರಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಆದರೆ ಅದು ಬಿಳಿ ಪುಡಿ. ಹೊಟ್ಟೆ ತುಂಬಿದ್ದರೂ ಬಿಳಿ, ಖಾಲಿ ಇದ್ದರೂ ಬಿಳಿ.